ಮನುಷ್ಯರಿಲ್ಲದ ಕಾಡು ಎಂಬ ಸುಳ್ಳು

ದಾಂಡೇಲಿಗೆ ಮಂಗಟ್ಟೆ ಹಕ್ಕಿ ನೋಡಲು ಬರುವವರಲ್ಲಿ ಬಹಳ ಮಂದಿ ಮೊದಲು ವಿಚಾರಿಸುವುದು ದಟ್ಟ ಕಾಡಿನ ದಾರಿಯನ್ನಲ್ಲ, ಅರಣ್ಯ ಇಲಾಖೆಯ ಟಿಂಬರ್ ಡಿಪೊ ಎಲ್ಲಿದೆ ಎಂದು. ಹರಾಜಿಗೆಂದು ನಂಬರು ಬರೆದು ಪೇರಿಸಿಟ್ಟ ದಿಮ್ಮಿಗಳ ನಡುವೆ ಉಳಿದಿರುವ ಮರಗಳ ಮೇಲೆ ಕಪ್ಪು ಬಿಳುಪಿನ ಮಲಬಾರ್ ಮಂಗಟ್ಟೆಗಳು ಬಂದು ಕೂರುತ್ತವೆ. ಕೆಲವೊಮ್ಮೆ ನೆಲಕ್ಕೂ ಇಳಿಯುತ್ತವೆ. ಕೆಳಗೆ ಉದ್ದುದ್ದ ಲೆನ್ಸುಗಳು ಕಾದಿರುತ್ತವೆ. ಆದರೆ ಆಮೇಲೆ ನಾವು ನೋಡುವ ಫೋಟೊಗಳಲ್ಲಿ ದಿಮ್ಮಿ ಇರುವುದಿಲ್ಲ, ನಂಬರಿಲ್ಲ, ಲಾರಿಯಿಲ್ಲ. ಕ್ಯಾಮೆರಾವನ್ನು ಒಂದು ಗೇಣು ಮೇಲೆತ್ತಿದರೆ ಸಾಕು, ಡಿಪೊ ಮಾಯವಾಗಿ ‘ಅಸ್ಪೃಷ್ಟ ಕಾಡು’ ಹುಟ್ಟಿಕೊಳ್ಳುತ್ತದೆ.

ನನ್ನ ತಕರಾರು ಇರುವುದು ಈ ಒಂದು ಗೇಣಿನ ಬಗ್ಗೆ.

2013ರಲ್ಲಿ ಬಿಬಿಸಿ ‘ಆಫ್ರಿಕಾ’ ಎಂಬ ಸರಣಿಯನ್ನು ಪ್ರಸಾರ ಮಾಡಿತು. ಆರು ಕಂತು, ಡೇವಿಡ್ ಅಟೆನ್‌ಬರೊ ದನಿ. ಕಲಹರಿ, ಸವನ್ನಾ, ಕಾಂಗೊ, ಸಹಾರಾ ಎಂದು ಇಡೀ ಖಂಡವನ್ನು ಅದು ಸುತ್ತಿತು. ನಾನೂ ಕಣ್ಣು ಮಿಟುಕಿಸದೆ ನೋಡಿದ್ದೇನೆ. ನೂರು ಕೋಟಿಗೂ ಹೆಚ್ಚು ಜನರಿರುವ ಖಂಡದಲ್ಲಿ ಜನರಿಗೆ ಸರಿಯಾದ ಜಾಗ ಸಿಗುವುದು ಕೊನೆಯ ಕಂತಿನಲ್ಲಿ, ಕಾಡಿನ ಭವಿಷ್ಯದ ಪ್ರಶ್ನೆ ಬಂದಾಗ. ಅಂದರೆ ಮನುಷ್ಯ ಅಲ್ಲಿ ಬರುವುದು ಸಮಸ್ಯೆಯಾಗಿ, ಇಲ್ಲವೇ ಪರಿಹಾರವಾಗಿ. ಅಲ್ಲಿ ಹುಟ್ಟಿ ಬೆಳೆದ ಜೀವಿಯಾಗಿ ಅಲ್ಲ.

ಆಫ್ರಿಕಾದ ಮಾತು ದೂರದ್ದೆಂದು ನಮಗೆ ಅನ್ನಿಸಬಾರದು. ಹಳಿಯಾಳ, ಮುಂಡಗೋಡ, ಯಲ್ಲಾಪುರದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರು ಇವರ ಪೂರ್ವಿಕರನ್ನು ಆಫ್ರಿಕಾದಿಂದ ಗೋವೆಗೆ ಗುಲಾಮರನ್ನಾಗಿ ತಂದರು. ತಪ್ಪಿಸಿಕೊಂಡವರು ಘಟ್ಟ ಹತ್ತಿ ಈ ಕಾಡಿನಲ್ಲಿ ಬದುಕು ಕಟ್ಟಿಕೊಂಡರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅವರಿಗೆ ಕಾಡು ಎಂದರೆ ರಮ್ಯ ನೋಟವಾಗಿರಲಿಲ್ಲ, ಗುಲಾಮಗಿರಿಯಿಂದ ಸಿಕ್ಕ ಬಿಡುಗಡೆಯಾಗಿತ್ತು. ಇಂಥ ಕಥೆಯನ್ನು ಹೊಟ್ಟೆಯಲ್ಲಿಟ್ಟುಕೊಂಡ ಕಾಡಿನ ಮೇಲೆ ಡ್ರೋನು ಹಾರಿಸಿ ‘ಹಸಿರು ಸಾಗರ’ ಎಂದು ಬಣ್ಣಿಸುವುದು ಎಷ್ಟು ಬಡಕಲು ಕಲ್ಪನೆ!

ನಮ್ಮದೇ ‘ವೈಲ್ಡ್ ಕರ್ನಾಟಕ’ 2020ರ ಜನವರಿ 17ರಂದು ಚಿತ್ರಮಂದಿರಗಳಿಗೆ ಬಂತು. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ನಿರ್ದೇಶನ, ರಾಜ್ಯ ಅರಣ್ಯ ಇಲಾಖೆಯ ಸಹಯೋಗ, ರಿಕ್ಕಿ ಕೇಜ್ ಸಂಗೀತ. ಇಂಗ್ಲಿಷಿನಲ್ಲಿ ಮತ್ತೆ ಅಟೆನ್‌ಬರೊ, ಕನ್ನಡದಲ್ಲಿ ರಿಷಬ್ ಶೆಟ್ಟಿ. ರಾಷ್ಟ್ರಪ್ರಶಸ್ತಿಯೂ ಬಂತು. ಚಿತ್ರ ಚೆನ್ನಾಗಿಲ್ಲ ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ದೊಡ್ಡ ಪರದೆಯಲ್ಲಿ ನಮ್ಮ ಆನೆ, ನಮ್ಮ ಹುಲಿ ಕಂಡಾಗ ಮೈ ಜುಮ್ಮೆಂದಿತ್ತು. ಆದರೆ ಎರಡೇ ವರ್ಷದ ಬಳಿಕ ಅದೇ ರಿಷಬ್ ಶೆಟ್ಟಿ ‘ಕಾಂತಾರ’ ಮಾಡಿದರು. ಅಲ್ಲಿ ಕಾಡಿದೆ, ಕಾಡಿನಲ್ಲಿ ಊರಿದೆ, ಊರಿನವರಿಗೂ ಅರಣ್ಯಾಧಿಕಾರಿಗೂ ಜಗಳವಿದೆ. ಒಂದೇ ದನಿ ಹೇಳಿದ ಎರಡು ಕಾಡುಗಳಲ್ಲಿ ಯಾವುದು ನಿಜ? ಸಾಕ್ಷ್ಯಚಿತ್ರ ಬಿಟ್ಟದ್ದನ್ನು ಕಥಾಚಿತ್ರ ಹೇಳಬೇಕಾಯಿತು ಎಂದರೆ ‘ಸಾಕ್ಷ್ಯ’ ಎಂಬ ಪದಕ್ಕೆ ಏನರ್ಥ ಉಳಿಯಿತು?

ಕಾಳಿ ಕಣಿವೆಯನ್ನೇ ನೋಡಿ. ಜೋಯಿಡಾ ತಾಲ್ಲೂಕಿನ ಗಣೇಶಗುಡಿಯಲ್ಲಿ ‘ಓಲ್ಡ್ ಮ್ಯಾಗಜಿನ್ ಹೌಸ್’ ಇದೆ. ಚಿಕ್ಕ ಹಕ್ಕಿಗಳ ಫೋಟೊಗೆ ದೇಶದಲ್ಲೇ ಹೆಸರಾದ ಜಾಗ. ಹಕ್ಕಿಗಳು ಮೀಯಲೆಂದು ನೀರು ತುಂಬಿಟ್ಟಿರುತ್ತಾರೆ, ಎದುರಿಗೆ ಕ್ಯಾಮೆರಾಗಳು. ಹೆಸರಿನಲ್ಲಿರುವ ಮ್ಯಾಗಜಿನ್ ಎಂದರೆ ಪತ್ರಿಕೆಯಲ್ಲ, ಮದ್ದುಗುಂಡಿನ ಉಗ್ರಾಣ. ಸೂಪಾ ಅಣೆಕಟ್ಟು ಕಟ್ಟುವಾಗ ಬಂಡೆ ಸಿಡಿಸುವ ಸ್ಫೋಟಕಗಳನ್ನು ಅಲ್ಲಿ ಇಡುತ್ತಿದ್ದರು. ಆ ಅಣೆಕಟ್ಟಿನಲ್ಲಿ ತಾಲ್ಲೂಕು ಕೇಂದ್ರವಾಗಿದ್ದ ಸೂಪಾ ಊರೇ ಮುಳುಗಿತು. ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಹೋಯಿತು, ಜನ ರಾಮನಗರಕ್ಕೂ ಇನ್ನೆಲ್ಲಿಗೋ ಹೋದರು. ಇಂದು ಕಾಳಿಯಲ್ಲಿ ರಾಫ್ಟಿಂಗ್ ಮಾಡುವವರು ಕೇಕೆ ಹಾಕುವ ‘ಕಾಡುಹೊಳೆ’ಯ ರಭಸವೂ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು ಎಂಬುದರ ಮೇಲೆ ನಿಂತಿದೆ.

ಮುಂಡಗೋಡದ ಅತ್ತಿವೇರಿ ಪಕ್ಷಿಧಾಮ ಇರುವುದು ಮನುಷ್ಯರು ಕಟ್ಟಿದ ಜಲಾಶಯದಲ್ಲಿ. ದಾಂಡೇಲಿ ಸುತ್ತಿನ ತೇಗದಲ್ಲಿ ಎಷ್ಟೋ ಭಾಗ ಸಾಲು ಹಿಡಿದು ನೆಟ್ಟದ್ದು. ಆ ಹಂಬಲ ಶುರುವಾದದ್ದು ಬ್ರಿಟಿಷರ ಕಾಲದಲ್ಲಿ. ಕುಣಬಿಗಳ ಕುಮರಿ ಬೇಸಾಯ ಕಾಡಿಗೆ ಕೇಡು ಎಂದು ಅದನ್ನು ಕಟ್ಟಿಹಾಕಿದ್ದೂ ಅವರೇ. ಸ್ವಾತಂತ್ರ್ಯ ಬಂದ ಮೇಲೆ ದಾಂಡೇಲಿಗೆ ಕಾಗದ ಕಾರ್ಖಾನೆ ಬಂತು. ಅದಕ್ಕೆ ಸರ್ಕಾರ ಟನ್ನಿಗೆ ಒಂದೂವರೆ ರೂಪಾಯಿಯಂತೆ ಬಿದಿರು ಕೊಟ್ಟದ್ದನ್ನು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ ಬರೆದಿದ್ದಾರೆ. ಬುಟ್ಟಿ ಹೆಣೆಯುವವನಿಗೆ ಆ ದರ ಸಿಗಲಿಲ್ಲ. ಬಿದಿರು ಮುಗಿಯುತ್ತ ಬಂದಾಗ ಬೈಗುಳ ಮಾತ್ರ ಅವನಿಗೂ ಸಿಕ್ಕಿತು.

‘ಇರಲಿ ಬಿಡಿ, ಐವತ್ತು ನಿಮಿಷದ ಚಿತ್ರದಲ್ಲಿ ಇದನ್ನೆಲ್ಲ ಹೇಳಲಾಗುತ್ತದೆಯೇ?’ ಎನ್ನಬಹುದು. ಇದು ಬರೀ ಸೌಂದರ್ಯಶಾಸ್ತ್ರದ ಜಗಳವಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಚಿತ್ರ ನಮ್ಮ ಕಣ್ಣನ್ನು ಪಳಗಿಸುತ್ತದೆ, ಹಾಗೆ ಪಳಗಿದ ಕಣ್ಣಿಗೆ ಕಾಡಿನೊಳಗಿನ ಮನೆ ಒತ್ತುವರಿಯಾಗಿ ಕಾಣುತ್ತದೆ.

ದಾಂಡೇಲಿ ಅಭಯಾರಣ್ಯ 1956ರಲ್ಲಿ, ಅಣಶಿ ರಾಷ್ಟ್ರೀಯ ಉದ್ಯಾನ 1987ರಲ್ಲಿ, ಎರಡೂ ಸೇರಿದ ಹುಲಿ ಸಂರಕ್ಷಿತ ಪ್ರದೇಶ 2007ರಲ್ಲಿ, ಅದಕ್ಕೆ ಕಾಳಿ ಎಂಬ ಹೆಸರು 2015ರಲ್ಲಿ. ಪ್ರತಿ ಗೆರೆ ಎಳೆಯುವಾಗಲೂ ಒಳಗೆ ಜನರಿದ್ದರು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಆ ಭೂಮಿಯಲ್ಲಿ ನೆಲೆಸಿದ್ದರೆ ಸಾಕು. ಉಳಿದ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದೆವೆಂದು ತೋರಿಸಬೇಕು. ಗೋವೆಯಲ್ಲಿ ಕುಣಬಿಗಳು ಪರಿಶಿಷ್ಟ ಪಂಗಡ. ಗಡಿ ದಾಟಿ ಜೋಯಿಡಾಕ್ಕೆ ಬಂದರೆ ಅಲ್ಲ, ಆ ಬೇಡಿಕೆ ವರ್ಷಗಳಿಂದ ಹಾಗೇ ಇದೆ. ಹೀಗಾಗಿ ಹತ್ತಾರು ಬಗೆಯ ಗೆಡ್ಡೆಗೆಣಸನ್ನು ಬೀಜದಂತೆ ಕಾಪಾಡಿಕೊಂಡು ಬಂದಿರುವ ಮಂದಿ ‘ನಾವು ಇಲ್ಲಿದ್ದೆವು’ ಎನ್ನಲು 75 ವರ್ಷ ಹಳೆಯ ಸಾಕ್ಷ್ಯ ಹುಡುಕಬೇಕು. ನಮ್ಮ ವೈಭವದ ಚಿತ್ರಗಳು ಹೊರಡಿಸುವ ತೀರ್ಪು ಕೂಡ ಅದೇ: ಇಲ್ಲಿ ಯಾರೂ ಇರಲಿಲ್ಲ.

ಎದುರು ವಾದವೊಂದಿದೆ, ಅದು ಹಗುರಾದದ್ದಲ್ಲ. ಕಾಡಿನವರೆಲ್ಲ ಸಂತರಲ್ಲ. ಬೇಟೆ ಇದೆ, ಬೆಂಕಿ ಇದೆ, ಕಳ್ಳನಾಟಾ ಇದೆ. ಆಸ್ಪತ್ರೆ, ಶಾಲೆ, ರಸ್ತೆ ಬೇಕೆಂದು ಪರಿಹಾರದ ಹಣ ಪಡೆದು ತಾವಾಗಿ ಹೊರಬಂದ ಕುಟುಂಬಗಳೂ ಜೋಯಿಡಾದಲ್ಲಿವೆ, ಅವರ ಆಯ್ಕೆಯನ್ನು ಅಲ್ಲಗಳೆಯಲು ನಾನ್ಯಾರು? ಹುಲಿಗೆ ಮನುಷ್ಯರಿಲ್ಲದ ಒಂದಿಷ್ಟು ಜಾಗ ಬೇಕೆಂಬುದೂ ನಿಜ. ಆದರೆ ಇವೆಲ್ಲ ಮನುಷ್ಯರನ್ನು ಚಿತ್ರದೊಳಗೆ ತರಲು ಕಾರಣಗಳೇ ಹೊರತು ಹೊರಗಿಡಲು ಅಲ್ಲ. ಜಗಳವಿದ್ದರೆ ಜಗಳವನ್ನೇ ತೋರಿಸಿ. ಬಿಟ್ಟು ಹೋದವರಿದ್ದರೆ ಅವರ ಖಾಲಿ ಅಂಗಳವನ್ನು ತೋರಿಸಿ.

ಕನ್ನಡದ ಓದುಗರಿಗೆ ಇದು ಹೊಸ ಪಾಠವೇನಲ್ಲ. ‘ಕರ್ವಾಲೊ’ದಲ್ಲಿ ಹಾರುವ ಓತಿಯನ್ನು ಹುಡುಕುವ ವಿಜ್ಞಾನಿಗೆ ಬೇಕಾದದ್ದು ಮಂದಣ್ಣ, ಜೇನು ಹಿಡಿಯುವ, ಪಡ್ಡೆ ಹುಡುಗನಂತೆ ಅಲೆಯುವ ಮಂದಣ್ಣ. ತೇಜಸ್ವಿ ಅಲ್ಲಿ ಕ್ಯಾಮೆರಾ ಹಿಡಿದ ಪ್ರಭಾಕರನನ್ನೂ ಇಟ್ಟರು, ಬಿರಿಯಾನಿ ಕರಿಯಪ್ಪನನ್ನೂ ಇಟ್ಟರು. ಓತಿ ಒಂಟಿಯಾಗಿ ಅದ್ಭುತವಾಗಲಿಲ್ಲ, ಇಷ್ಟೆಲ್ಲ ಜನರ ಗದ್ದಲದ ನಡುವೆ ಅದ್ಭುತವಾಯಿತು. ಅಂಥ ಕಾದಂಬರಿ 1980ರಲ್ಲೇ ಬಂದ ಭಾಷೆಯಲ್ಲಿ 2020ರ ಚಿತ್ರ ಮಂದಣ್ಣನನ್ನು ಚೌಕಟ್ಟಿನಿಂದಾಚೆ ತಳ್ಳುತ್ತದೆ ಎಂದರೆ ನಾವು ಮುಂದೆ ಹೋದೆವೋ, ಹಿಂದೆ ಬಂದೆವೋ?

ಹುಲಿಯ ಜಾಡು ತೋರಿಸಿದವರು, ಮಂಗಟ್ಟೆಯ ಗೂಡಿರುವ ಪೊಟರೆ ಯಾವ ಮರದ್ದೆಂದು ಹೇಳಿದವರು, ಕ್ಯಾಮೆರಾ ಹೊತ್ತವರು ಇದ್ದೇ ಇರುತ್ತಾರೆ. ಅವರು ಚಿತ್ರ ಮುಗಿದ ಮೇಲೆ ಓಡುವ ಸಣ್ಣ ಅಕ್ಷರಗಳಲ್ಲಿ ಇದ್ದರೆ ಸಾಲದು. ಅವರ ಮಾತು ಚಿತ್ರದ ಒಳಗಿರಲಿ, ಅವರದೇ ಕನ್ನಡದಲ್ಲಿ, ಕೊಂಕಣಿಯಲ್ಲಿ, ಮರಾಠಿಯಲ್ಲಿ.

ಈ ಪುಟ ಓದುವವರಲ್ಲಿ ನಾಳೆ ಕ್ಯಾಮೆರಾ ಹಿಡಿಯುವ ವಿದ್ಯಾರ್ಥಿಗಳು ಇರುತ್ತೀರಿ. ದಾಂಡೇಲಿಯ ಡಿಪೊಗೆ ಹೋದಾಗ ಮಂಗಟ್ಟೆಯ ಜೊತೆಗೆ ದಿಮ್ಮಿಯೂ ಬರುವಂತೆ ಒಂದು ಚಿತ್ರ ತೆಗೆಯಿರಿ. ಅದಕ್ಕೆ ಬಹುಮಾನ ಬರಲಿಕ್ಕಿಲ್ಲ. ಆದರೆ ಆ ಹಕ್ಕಿ ಎಲ್ಲಿ ಕೂತಿತ್ತು ಎಂಬುದಾದರೂ ನೋಡಿದವರಿಗೆ ತಿಳಿಯುತ್ತದೆ.