ಅಗೆಯದೆ ಹುಡುಕುವ ವಿದ್ಯೆ

ಬಚ್ಚಿಟ್ಟುದನ್ನು ಹುಡುಕುವ ಆಸೆ ಮನುಷ್ಯನಿಗೆ ಹುಟ್ಟಿನೊಡನೆ ಬಂದುದು. ಕಣ್ಣಾಮುಚ್ಚಾಲೆಯಾಡುವ ಮಗುವಿನಲ್ಲಿಯೂ ಖನಿಜವನ್ನು ಅರಸುವ ಭೂವಿಜ್ಞಾನಿಯಲ್ಲಿಯೂ ಕೆಲಸ ಮಾಡುವುದು ಅದೇ ಆಸೆ. ದಾರಿತಪ್ಪಿದಾಗ ಅದೇ ಆಸೆಯು ಹಾರೆ ಗುದ್ದಲಿಗಳನ್ನು ಹಿಡಿದು, ನಡುರಾತ್ರಿಯಲ್ಲಿ ಹಾಳುಗುಡಿಯ ನೆಲವನ್ನು ಅಗೆಯಲು ಹೊರಡುತ್ತದೆ. ಕೃಷ್ಣೆ ತುಂಗಭದ್ರೆಗಳ ನಡುವಣ ಸೀಮೆಯಲ್ಲಿ, ರಾಯಚೂರು, ದೇವದುರ್ಗ, ಮಾನ್ವಿಗಳ ಸುತ್ತಮುತ್ತ, ಶಾಸನವಿಲ್ಲದ, ವೀರಗಲ್ಲಿಲ್ಲದ, ಹಳೆಯ ಗುಡಿಯಿಲ್ಲದ ಊರು ಅಪರೂಪ. ಇಂತಹ ಸೀಮೆಯಲ್ಲಿ ಬೆಳೆಯುವ ಮಕ್ಕಳ ಈ ಆಸೆಗೆ ಯಾವ ಸಂಸ್ಕಾರವನ್ನು ಕೊಡಬೇಕೆಂಬುದು ಶಾಲೆಗಳನ್ನು ನಡೆಸುವವರೆಲ್ಲರೂ ಯೋಚಿಸಬೇಕಾದ ಪ್ರಶ್ನೆಯಾಗಿದೆ. ಜಿಯೋಕ್ಯಾಷಿಂಗ್ ಎಂಬ ಹೊಸ ಹವ್ಯಾಸವು ಈ ಪ್ರಶ್ನೆಗೆ ಒಂದು ಉತ್ತರವನ್ನು ಒದಗಿಸುತ್ತದೆ.

ಈ ಹವ್ಯಾಸದ ಹುಟ್ಟು ಕುತೂಹಲಕರವಾದುದು. ಆಕಾಶದಲ್ಲಿ ಸುತ್ತುವ ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳ ಸಂಕೇತಗಳಿಂದ ಭೂಮಿಯ ಮೇಲಿನ ಯಾವ ಸ್ಥಳವನ್ನಾದರೂ ಗುರುತಿಸಬಹುದು. ಆದರೆ ಸೈನ್ಯದ ಹಿತದೃಷ್ಟಿಯಿಂದ ಸಾರ್ವಜನಿಕರಿಗೆ ದೊರೆಯುವ ಸಂಕೇತದಲ್ಲಿ ಬೇಕೆಂದೇ ದೋಷವನ್ನು ಬೆರೆಸಲಾಗುತ್ತಿತ್ತು. 2000ದ ಮೇ ತಿಂಗಳ ಮೊದಲ ವಾರದಲ್ಲಿ ಆ ದೋಷವನ್ನು ತೆಗೆದುಹಾಕಲಾಯಿತು. ನೂರು ಮೀಟರುಗಳಷ್ಟು ತಪ್ಪಬಹುದಾಗಿದ್ದ ಗುರಿ ಕೆಲವೇ ಮೀಟರುಗಳಿಗೆ ಇಳಿಯಿತು. ಇದನ್ನು ಪರೀಕ್ಷಿಸಬೇಕೆಂದು ಡೇವ್ ಉಲ್ಮರ್ ಎಂಬವರು ಮೇ 3ರಂದು ಆರೆಗಾನ್ ರಾಜ್ಯದ ಕಾಡಿನಲ್ಲಿ ಕೆಲವು ಸಣ್ಣಪುಟ್ಟ ವಸ್ತುಗಳನ್ನೂ ಒಂದು ಪುಸ್ತಕವನ್ನೂ ಬಕೆಟ್ಟಿನಲ್ಲಿಟ್ಟು ಮರೆಮಾಡಿ, ಆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದರು. ಹುಡುಕಿದವರು ಪುಸ್ತಕದಲ್ಲಿ ಹೆಸರು ಬರೆಯಬೇಕು. ಒಂದು ವಸ್ತುವನ್ನು ತೆಗೆದುಕೊಂಡರೆ ಇನ್ನೊಂದನ್ನು ಇಡಬೇಕು. ಅಂದು ಆರಂಭವಾದ ಆಟವು ಈಗ ಜಗತ್ತಿನಾದ್ಯಂತ ಹಬ್ಬಿ, ಇಂತಹ ಅಡಗುತಾಣಗಳ ಸಂಖ್ಯೆ ಮೂವತ್ತು ಲಕ್ಷವನ್ನು ಮೀರಿದೆ. 2008ರಲ್ಲಿ ರಿಚರ್ಡ್ ಗ್ಯಾರಿಯಟ್ ಎಂಬ ಯಾತ್ರಿಕರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿಯೂ ಒಂದನ್ನು ಗುರುತಿಸಿ ಬಂದರು. ಇದಕ್ಕೆ ಪೂರ್ವಜನೂ ಉಂಟು. ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನ ದುರ್ಗಮವಾದ ಒಂದು ಮೂಲೆಯಲ್ಲಿ 1854ರಲ್ಲಿ ಜೇಮ್ಸ್ ಪೆರೋಟ್ ಎಂಬ ಮಾರ್ಗದರ್ಶಕ ಒಂದು ಸೀಸೆಯನ್ನಿಟ್ಟು, ಅಲ್ಲಿಯವರೆಗೆ ನಡೆದುಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಬಿಟ್ಟುಹೋಗುವ ಪದ್ಧತಿಯನ್ನು ಹಾಕಿಕೊಟ್ಟಿದ್ದನು.

ಕ್ಯಾಷ್ ಎಂಬ ಮೂಲಪದಕ್ಕೆ ಬಚ್ಚಿಟ್ಟ ದಾಸ್ತಾನು ಎಂದರ್ಥ. ಉತ್ತರ ಅಮೆರಿಕದ ಕಾಡುಗಳಲ್ಲಿ ತುಪ್ಪಳದ ವ್ಯಾಪಾರ ಮಾಡುತ್ತಿದ್ದವರು ಮರಳಿ ಬರುವಾಗಿನ ಬುತ್ತಿಯನ್ನು ಗುಪ್ತವಾಗಿ ಇರಿಸುತ್ತಿದ್ದ ತಾಣಕ್ಕೆ ಈ ಹೆಸರಿತ್ತು. ರಾಯಚೂರು ಸೀಮೆಯ ಹಿರಿಯರಿಗೆ ಈ ಕಲ್ಪನೆ ಹೊಸದಲ್ಲ. ಜೋಳವನ್ನು ನೆಲದೊಳಗೆ ತುಂಬಿ, ಬಾಯಿ ಮುಚ್ಚಿ, ಬರಗಾಲಕ್ಕೆಂದು ಕಾಯ್ದಿಡುತ್ತಿದ್ದ ಹಗೇವುಗಳನ್ನು ಅವರು ಕಂಡವರು. ಮೇಲೆ ನಡೆದಾಡುವವನಿಗೆ ಅದರ ಸುಳಿವು ಹತ್ತದು. ಮನೆಯವರಿಗೆ ಮಾತ್ರ ಅದರ ಬಾಯಿ ಎಲ್ಲಿದೆಯೆಂದು ಗೊತ್ತು.

ಬಚ್ಚಿಡುವುದರಲ್ಲಿ ಹಲವು ಬಗೆಗಳಿವೆ. ಹೇಳಿದ ಸ್ಥಳಕ್ಕೆ ನೇರವಾಗಿ ಹೋದರೆ ಪೆಟ್ಟಿಗೆ ಸಿಗುವುದು ಸರಳವಾದ ಬಗೆ. ಮೊದಲ ತಾಣದಲ್ಲಿ ಎರಡನೆಯದರ ಸುಳಿವು, ಎರಡನೆಯದರಲ್ಲಿ ಮೂರನೆಯದರ ಸುಳಿವು ದೊರೆಯುವುದು ಇನ್ನೊಂದು. ಗಣಿತದ ಸಮಸ್ಯೆಯನ್ನೋ ಒಗಟನ್ನೋ ಬಿಡಿಸಿದ ಹೊರತು ಸ್ಥಳವೇ ತಿಳಿಯದಂತಹ ಬಗೆಯೂ ಇದೆ. ಪೆಟ್ಟಿಗೆಗಳಲ್ಲಿಯೂ ವೈವಿಧ್ಯವುಂಟು, ಬೆರಳಿಗಿಂತ ಸಣ್ಣದಾದ ಲೋಹದ ಕೊಳವೆ, ಅಯಸ್ಕಾಂತದಿಂದ ಕಬ್ಬಿಣದ ಕಂಬಿಗೆ ಅಂಟಿಕೊಳ್ಳುವ ಡಬ್ಬಿ, ಒಳಗೆ ಟೊಳ್ಳಾಗಿರುವ ಹುಸಿಕಲ್ಲು, ಹೀಗೆ. ಹುಡುಕುವ ಕಷ್ಟಕ್ಕೆ ಒಂದರಿಂದ ಐದು, ದಾರಿಯ ಕಷ್ಟಕ್ಕೆ ಒಂದರಿಂದ ಐದು ಎಂದು ಅಂಕಗಳನ್ನು ಕೊಡುತ್ತಾರೆ. ಇವೆಲ್ಲಕ್ಕಿಂತ ವಿಚಾರಯೋಗ್ಯವಾದವು ಏನನ್ನೂ ಬಚ್ಚಿಡದ ಎರಡು ಬಗೆಗಳು. ಒಂದರಲ್ಲಿ ಹುಡುಕುವವನು ಸ್ಥಳಕ್ಕೆ ಹೋಗಿ, ಅಲ್ಲಿರುವ ಫಲಕವನ್ನೋ ಶಿಲ್ಪವನ್ನೋ ನೋಡಿ ಪ್ರಶ್ನೆಗೆ ಉತ್ತರ ತರಬೇಕು. 2004ರಲ್ಲಿ ಆರಂಭವಾದ ಇನ್ನೊಂದರಲ್ಲಿ ಬಂಡೆಯನ್ನು, ಮಣ್ಣಿನ ಪದರವನ್ನು, ನದಿಯ ತಿರುವನ್ನು ಪರಿಶೀಲಿಸಿ ಭೂವಿಜ್ಞಾನದ ಪಾಠವೊಂದಕ್ಕೆ ಉತ್ತರಿಸಬೇಕು.

ಆಟಕ್ಕೆ ಘನತೆ ತಂದುಕೊಟ್ಟಿರುವುದು ಅದರ ಶಿಷ್ಟಾಚಾರ. ಪೆಟ್ಟಿಗೆಯನ್ನು ಇಡುವುದಕ್ಕೆ ನೆಲವನ್ನು ಅಗೆಯಕೂಡದು. ಮರಕ್ಕೆ ಮೊಳೆ ಹೊಡೆಯಕೂಡದು. ಜಮೀನಿನ ಒಡೆಯನ ಅಪ್ಪಣೆಯಿಲ್ಲದೆ ಯಾವುದನ್ನೂ ಇಡಕೂಡದು. ತಿನಿಸು, ಹರಿತವಾದ ಆಯುಧ, ಸಿಡಿಮದ್ದು ಪೆಟ್ಟಿಗೆಯಲ್ಲಿರಬಾರದು. ತೆಗೆದ ವಸ್ತುವಿಗೆ ಸಮನಾದುದನ್ನು ಇಡಬೇಕು. ಪೆಟ್ಟಿಗೆಯನ್ನು ಇದ್ದಂತೆಯೇ ಇದ್ದಲ್ಲಿಯೇ ಮುಚ್ಚಿಡಬೇಕು. ಬಂದವನು ತನ್ನ ಹೆಸರನ್ನು ಪುಸ್ತಕದಲ್ಲಿ ಬರೆಯಬೇಕೇ ವಿನಾ ಕಲ್ಲಿನ ಮೇಲಲ್ಲ. ಹಿಂದಿರುಗುವಾಗ ದಾರಿಯಲ್ಲಿ ಕಂಡ ಕಸವನ್ನು ಆರಿಸಿ ತರುವುದು ಈ ಆಟಗಾರರಲ್ಲಿ ಬೆಳೆದುಬಂದಿರುವ ಒಂದು ಒಳ್ಳೆಯ ರೂಢಿ.

ಈ ನಿಯಮಗಳ ಬೆಲೆ ತಿಳಿಯಬೇಕಾದರೆ ನಿಧಿಯ ಆಸೆ ಮಾಡಿದ ಹಾನಿಯನ್ನು ನೆನೆಯಬೇಕು. 2019ರ ಜುಲೈ ತಿಂಗಳಲ್ಲಿ ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಾದ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನು ನಿಧಿಗಳ್ಳರು ಒಡೆದುಹಾಕಿದರು. ವಿಜಯನಗರದ ಅರಸರಿಂದ ಗೌರವ ಪಡೆದ, ಪುರಂದರದಾಸರಿಗೆ ಗುರುಗಳಾಗಿದ್ದ ಆ ಯತಿಗಳ ಸಮಾಧಿಯನ್ನು ಭಕ್ತರು ಕೆಲವೇ ದಿನಗಳಲ್ಲಿ ಮತ್ತೆ ನಿಲ್ಲಿಸಿದರು. ಪೊಲೀಸರು ಅಪರಾಧಿಗಳನ್ನು ಹಿಡಿದರು. ಆದರೆ ಕೇಳುವವರಿಲ್ಲದ ಬಯಲ ಗುಡಿಗಳಲ್ಲಿ ಮಗುಚಿ ಬಿದ್ದ ಲಿಂಗಗಳನ್ನೂ ಸೀಳಿದ ಶಾಸನಗಳನ್ನೂ ಮತ್ತೆ ನಿಲ್ಲಿಸುವವರು ಯಾರು? ಹಾಗೆ ಅಗೆದವರು ಯಾರೂ ಹುಟ್ಟುತ್ತಲೇ ದುಷ್ಟರಲ್ಲ. ಕಲ್ಲಿನ ಮೇಲಿನ ಅಕ್ಷರವೆಂದರೆ ಅದರ ಕೆಳಗೆ ಹೊನ್ನಿದೆ ಎಂಬ ಸೂಚನೆಯೆಂದು ಬಾಲ್ಯದಲ್ಲಿ ಕೇಳಿ ನಂಬಿದವರು. ಅಕ್ಷರವೇ ಹೊನ್ನು ಎಂಬುದನ್ನು ಅವರಿಗೆ ಯಾರೂ ಕಲಿಸಲಿಲ್ಲ.

ಅದನ್ನು ಕಲಿಸುವುದಕ್ಕೆ ಈ ಜಿಲ್ಲೆಯ ಮಸ್ಕಿಗಿಂತ ಒಳ್ಳೆಯ ಪಾಠ ಬೇರೊಂದಿಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು 1870ರಲ್ಲಿಯೂ 1888ರಲ್ಲಿಯೂ ಮಸ್ಕಿಗೆ ಬಂದು ಪ್ರಾಚೀನ ಅವಶೇಷಗಳನ್ನು ಪರಿಶೀಲಿಸಿದ್ದರು. ಆದರೂ ಅಲ್ಲಿನ ಗುಡ್ಡದ ಬಂಡೆಯ ಮೇಲಿದ್ದ ಬರಹವು ಬೆಳಕಿಗೆ ಬಂದದ್ದು 1915ರಲ್ಲಿ. ಕಂಡವರು ಚಿನ್ನದ ಗಣಿಯ ಶೋಧದಲ್ಲಿದ್ದ ಬೀಡನ್ ಎಂಬ ಎಂಜಿನಿಯರರು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಆ ಶಾಸನವನ್ನು ಪ್ರಕಟಿಸಿದಾಗ ವಿದ್ವಲ್ಲೋಕ ಬೆರಗಾಯಿತು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದುವು. ಅಶೋಕನೆಂಬ ಹೆಸರು ಮಸ್ಕಿಯ ಬಂಡೆಯ ಮೇಲೆ ಮೊದಲ ಬಾರಿಗೆ ಕಾಣಿಸಿತು. ಚಿನ್ನವನ್ನು ಹುಡುಕಲು ಬಂದಾತನು ಒಂದು ಹೆಸರನ್ನು ಕಂಡು, ಕಲ್ಲನ್ನು ಮುಟ್ಟದೆ, ತಿಳಿದವರಿಗೆ ತಿಳಿಸಿದನು. ಅದರಿಂದ ಭಾರತದ ಇತಿಹಾಸಕ್ಕೆ ಆದ ಲಾಭವನ್ನು ತೂಗುವ ತಕ್ಕಡಿ ಯಾವ ಅಕ್ಕಸಾಲಿಗನಲ್ಲಿಯೂ ಇಲ್ಲ.

ಅನಂತರ 1931ರಲ್ಲಿ ಕೊಪ್ಪಳದ ಗವಿಮಠದ ಬಂಡೆಯ ಮೇಲೆಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳು ದೊರೆತುವು. ಅವುಗಳನ್ನು ಗುರುತಿಸಿದ ಎನ್. ಬಿ. ಶಾಸ್ತ್ರಿಗಳು ಕೊಪ್ಪಳದವರೇ. ದಿನವೂ ಭಕ್ತರು ಬಂದುಹೋಗುವ ಮಠದ ಬೆಟ್ಟದಲ್ಲಿ ಎರಡು ಸಾವಿರ ವರ್ಷಗಳಿಂದ ಅಕ್ಷರಗಳು ಕಾದಿದ್ದುವು. ಸನ್ನತಿಯಲ್ಲಿ 1980ರ ದಶಕದಲ್ಲಿ ಗುಡಿಯ ಮಾಡು ಕುಸಿದಾಗ ಕಾಳಿಕಾಮೂರ್ತಿಯ ಪೀಠವಾಗಿದ್ದ ಚಪ್ಪಡಿಯೇ ಅಶೋಕನ ಶಾಸನವೆಂದು ತಿಳಿದುಬಂತು. ಇವೆಲ್ಲವೂ ಮರೆಯಲ್ಲಿದ್ದುವು ಎನ್ನುವುದಕ್ಕಿಂತ ನೋಡುವ ಕಣ್ಣಿಗಾಗಿ ಕಾದಿದ್ದುವು ಎನ್ನುವುದೇ ಸರಿ. ಮಾನ್ವಿ ಸೀಮೆಯ ಕಲ್ಲೂರಿನಲ್ಲಿ ದೊರೆತ ತಾಮ್ರದ ಕತ್ತಿಗಳೂ ಕಂಡವರು ಕರಗಿಸಿ ಮಾರಿದ್ದರೆ ಇಂದು ಯಾವ ಗ್ರಂಥದಲ್ಲಿಯೂ ಉಲ್ಲೇಖಗೊಳ್ಳುತ್ತಿರಲಿಲ್ಲ.

ಈ ದೃಷ್ಟಿಯಿಂದ ಶಾಲೆಗಳು ಈ ಆಟವನ್ನು ಸ್ಥಳಕ್ಕೆ ತಕ್ಕಂತೆ ಅಳವಡಿಸಿಕೊಳ್ಳಬಹುದು. ಕೋಟೆ, ಗುಡಿ, ದರ್ಗಾ, ಶಾಸನಗಳ ಬಳಿ ಯಾವ ಪೆಟ್ಟಿಗೆಯನ್ನೂ ಇಡಕೂಡದು. ಅಲ್ಲಿ ಪ್ರಶ್ನೆಗಳನ್ನಷ್ಟೇ ಇಡಬೇಕು. ರಾಯಚೂರಿನ ಒಳಕೋಟೆಯ ಗೋಡೆಯಲ್ಲಿ ನಲವತ್ತೊಂದು ಅಡಿಗೂ ಮೀರಿದ ಉದ್ದದ ಒಂದೇ ಕಲ್ಲಿನ ಮೇಲೆ 1294ರಲ್ಲಿ ಗೋರೆ ಗಂಗಯ್ಯರೆಡ್ಡಿ ಕೋಟೆಯನ್ನು ಕಟ್ಟಿಸಿದ ವಿವರವಿದೆ. ಆ ಮಹಾಶಿಲೆಯನ್ನು ಗಾಡಿಯ ಮೇಲೆ ಎಳೆದು ತಂದ ದೃಶ್ಯವನ್ನೂ ಅಲ್ಲಿಯೇ ಕೊರೆದಿದ್ದಾರೆ. ಗಾಡಿಗೆ ಹೂಡಿದ ಪ್ರಾಣಿಗಳು ಯಾವುವು, ಎಷ್ಟು ಜೊತೆ, ಆಳುಗಳು ಏನು ಮಾಡುತ್ತಿದ್ದಾರೆ ಎಂದು ಕೇಳಿದರೆ ಸಾಕು. ಆ ಕಲ್ಲನ್ನು ನೂರು ಸಲ ದಾಟಿಹೋದ ಹುಡುಗ ಅಂದು ಮೊದಲ ಬಾರಿಗೆ ಅದನ್ನು ನೋಡುತ್ತಾನೆ. ಏಕಮಿನಾರ್ ಮಸೀದಿಯ ಗೋಪುರದ ಎತ್ತರವನ್ನು ಅದರ ನೆರಳಿನಿಂದಲೂ ಒಂದು ಕೋಲಿನ ನೆರಳಿನಿಂದಲೂ ಲೆಕ್ಕಹಾಕಿ ತರಲು ಹೇಳಬಹುದು. ಮಲಿಯಾಬಾದಿನ ಕಲ್ಲಾನೆಗಳನ್ನೂ ದೇವದುರ್ಗ ತಾಲ್ಲೂಕಿನ ಗಬ್ಬೂರಿನ ಗುಡಿಗಳನ್ನೂ ಶಾಸನಗಳನ್ನೂ ಕುರಿತು ಇಂತಹ ಪ್ರಶ್ನೆಗಳಿಗೆ ಕೊನೆಯಿಲ್ಲ.

ಮಾನ್ವಿಯ ಮಕ್ಕಳಿಗೆ ಇನ್ನೊಂದು ಭಾಗ್ಯವಿದೆ. ಪಟ್ಟಣದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ 16 ಡಿಗ್ರಿ ಉತ್ತರ ಅಕ್ಷಾಂಶವೂ 77 ಡಿಗ್ರಿ ಪೂರ್ವ ರೇಖಾಂಶವೂ ಒಂದನ್ನೊಂದು ಕೂಡುತ್ತವೆ. ಭೂಪಟದ ಮೇಲೆ ಎರಡು ಗೆರೆಗಳು ಸೇರುವ ಬಿಂದುವನ್ನು ತಮ್ಮ ಕಾಲಿನಿಂದ ನಡೆದು ಮುಟ್ಟುವ ಅವಕಾಶ ಎಷ್ಟು ಶಾಲೆಗಳಿಗೆ ಉಂಟು? ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರು. ಅದರ ಅರುವತ್ತನೆಯ ಒಂದು ಭಾಗ 1.85 ಕಿಲೋಮೀಟರು, ಅದರಲ್ಲಿ ಸಾವಿರದ ಒಂದು ಭಾಗವೆಂದರೆ ಒಬ್ಬ ಮನುಷ್ಯನ ಎತ್ತರದಷ್ಟು. ಕಪ್ಪುಹಲಗೆಯ ಮೇಲೆ ನಿರ್ಜೀವವಾಗಿ ಕಾಣುವ ದಶಮಾಂಶವು ಹೊಲದ ಬದುವಿನಲ್ಲಿ ಹೆಜ್ಜೆಯ ಲೆಕ್ಕವಾಗುತ್ತದೆ. ಕೊನೆಯ ಹತ್ತು ಹೆಜ್ಜೆಗಳಲ್ಲಿ ಯಂತ್ರವೂ ತಡವರಿಸುತ್ತದೆ. ಅಲ್ಲಿ ಕಣ್ಣೂ ಬುದ್ಧಿಯೂ ಕೆಲಸ ಮಾಡಬೇಕು.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ತಳ್ಳಿಹಾಕುವಂತಿಲ್ಲ. ಮಕ್ಕಳ ಕೈಗೆ ಮೊಬೈಲನ್ನು ಕೊಡುವುದಕ್ಕೆ ಇದೊಂದು ನೆಪವಾದೀತೆಂದು ಪಾಲಕರು ಅಂಜುವುದು ಸಹಜ. ಆರು ಮಕ್ಕಳ ಗುಂಪಿಗೆ ಒಂದು ಯಂತ್ರ, ಅದೂ ಶಿಕ್ಷಕರ ಕೈಯಲ್ಲಿ, ಎಂಬ ಕಟ್ಟಳೆ ಸಾಕು. ದಿಕ್ಸೂಚಿ, ನಕ್ಷೆ, ಹೆಜ್ಜೆಯ ಎಣಿಕೆಗಳಿಂದಲೂ ಆಡಬಹುದು. ವಾರಸುದಾರರಿಲ್ಲದ ಡಬ್ಬಿಯನ್ನು ಕಂಡು ಜನರು ಗಾಬರಿಯಾಗುವ ಕಾಲವಿದು. ಆದುದರಿಂದ ಡಬ್ಬಿಯು ಪಾರದರ್ಶಕವಾಗಿದ್ದು, ಅದರ ಮೇಲೆ ಶಾಲೆಯ ಹೆಸರಿರಬೇಕು. ಅದು ಶಾಲೆಯ ಆವರಣದಲ್ಲಿಯೋ, ಒಪ್ಪಿಗೆ ಕೊಟ್ಟವರ ತೋಟದಲ್ಲಿಯೋ ಮಾತ್ರ ಇರಬೇಕು. ಬೇಸಗೆಯ ಬಿಸಿಲು, ಹಾಳುಬಾವಿ, ಕಲ್ಲಿನ ಕ್ವಾರಿ, ತುಂಬಿ ಹರಿಯುವ ಕಾಲುವೆ, ಹಾವು ಚೇಳುಗಳಿರುವ ಬಂಡೆಯ ಸಂದು, ಇವುಗಳಿಂದ ದೂರವಿರುವ ಎಚ್ಚರ ಮೊದಲ ಪಾಠವಾಗಬೇಕು.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪಣೆಯೆಂದರೆ, ಬಚ್ಚಿಟ್ಟ ಪೆಟ್ಟಿಗೆಯ ಆಟವು ನಿಧಿಯ ಹುಚ್ಚನ್ನು ಇನ್ನಷ್ಟು ಬೆಳೆಸೀತೆಂಬುದು. ಆ ಹುಚ್ಚು ಆಟವಿಲ್ಲದೆಯೇ ಬೆಳೆದಿದೆ. ಕಾಯಿದೆಯ ಭಯವೊಂದರಿಂದಲೇ ಅಡಗಿಲ್ಲ. 1958ರ ಕೇಂದ್ರ ಶಾಸನವೂ, ರಕ್ಷಿತ ಸ್ಮಾರಕದ ಸುತ್ತ ನೂರು ಮೀಟರುಗಳ ನಿಷೇಧವನ್ನು ಬಿಗಿಗೊಳಿಸಿದ 2010ರ ತಿದ್ದುಪಡಿಯೂ ಇವೆ. ಪಟ್ಟಿಗೆ ಸೇರದ ನೂರಾರು ಕಲ್ಲುಗಳಿಗೆ ಊರವರ ಕಣ್ಣೇ ಕಾವಲು. ಪೆಟ್ಟಿಗೆಯನ್ನು ತೆರೆದ ಮಗುವಿಗೆ ಅಲ್ಲಿ ದೊರೆಯುವುದು ಒಂದು ಪೆನ್ಸಿಲು, ಒಂದು ನೋಟುಪುಸ್ತಕ, ತನಗಿಂತ ಮೊದಲು ಬಂದವರ ಹೆಸರುಗಳು. ಕಂಡುದನ್ನು ಕೊಂಡೊಯ್ಯದೆ ಮುಂದಿನವನಿಗಾಗಿ ಉಳಿಸಿಬರುವ ಅಭ್ಯಾಸವು ಹತ್ತು ವರ್ಷದ ಮಗುವಿಗೆ ಕೈಗೂಡಿದರೆ, ಮೂವತ್ತನೆಯ ವಯಸ್ಸಿನಲ್ಲಿ ಆ ಕೈ ವೀರಗಲ್ಲಿಗೆ ಹಾರೆ ಹಾಕಲು ಹಿಂಜರಿಯುತ್ತದೆ; ಹಾಕುವವನನ್ನು ತಡೆಯಲೂ ಮುಂದಾಗುತ್ತದೆ.

ಈ ಕಾರ್ಯಕ್ಕೆ ಭವ್ಯವಾದ ಕಟ್ಟಡ ಬೇಡ. ಹತ್ತು ಡಬ್ಬಿಗಳು, ಹತ್ತು ಪುಸ್ತಕಗಳು, ಕೆಲವು ದಿಕ್ಸೂಚಿಗಳು, ವರ್ಷಕ್ಕೆ ಎರಡು ಸಲ ಬಸ್ಸಿನ ವೆಚ್ಚ, ಇಷ್ಟನ್ನು ಒಬ್ಬ ದಾನಿಯೇ ಭರಿಸಬಲ್ಲನು. ಗಣಿತ, ಭೂಗೋಳ, ಇತಿಹಾಸಗಳ ಶಿಕ್ಷಕರು ಕೂಡಿ ಪ್ರಶ್ನೆಗಳನ್ನು ರಚಿಸಬಹುದು. ದೂರದ ಊರುಗಳಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿಗಳು ರಜೆಗೆ ಬಂದಾಗ ತಮ್ಮ ಊರಿನ ಕೆರೆಯ ದಂಡೆಯ, ಅಗಸೆಯ, ಗುಡಿಯ ಹಿಂಬದಿಯ ಒಂದೊಂದು ಕಲ್ಲನ್ನು ಗುರುತಿಸಿ, ಅಳೆದು, ಚಿತ್ರ ತೆಗೆದು ಶಾಲೆಗೆ ಒಪ್ಪಿಸಬಹುದು. ಹತ್ತು ವರ್ಷಗಳಲ್ಲಿ ಅದೇ ಒಂದು ದೊಡ್ಡ ದಾಖಲೆಯಾದೀತು. ಅದರಲ್ಲಿ ಯಾವುದಾದರೊಂದು ಕಲ್ಲು ಇನ್ನೂ ಯಾರೂ ಓದದ ಶಾಸನವಾಗಿರುವುದು ಅಸಾಧ್ಯವೇನೂ ಅಲ್ಲ. ಹಾಗಾದ ದಿನ ಅದನ್ನು ಕಂಡ ಹುಡುಗಿಯೋ ಹುಡುಗನೋ ಏನು ಮಾಡಬೇಕೆಂಬುದನ್ನು ಮೊದಲೇ ಕಲಿತಿರಬೇಕು: ಮುಟ್ಟದೆ, ಕೆರೆಯದೆ, ಸ್ಥಳವನ್ನು ಬರೆದುಕೊಂಡು, ಗುರುಗಳಿಗೂ ಪುರಾತತ್ತ್ವ ಇಲಾಖೆಗೂ ಸುದ್ದಿ ಮುಟ್ಟಿಸಬೇಕು.