ಪರದೆಯ ಮುಂದೆ ನಿಂತವರು

ಕಂಪನಿ ನಾಟಕದಲ್ಲಿ ಅರಮನೆ ಹೋಗಿ ಅರಣ್ಯ ಬರಬೇಕಾದರೆ ಪರದೆಯ ಹಿಂದೆ ಹತ್ತಾರು ಕೈಗಳು ದುಡಿಯಬೇಕಿತ್ತು. ಅಷ್ಟು ಹೊತ್ತು ಜನ ಎದ್ದು ಹೋಗದಂತೆ ಮುಂದಿನ ಪರದೆಯ ಎದುರು ಹಾಸ್ಯನಟ ಬಂದು ನಿಲ್ಲುತ್ತಿದ್ದ. ರಾಜನಿಗೆ ಕಿರೀಟವಿತ್ತು, ನಾಯಕಿಗೆ ಹಾಡಿತ್ತು, ಹಾಡಿಗೆ ಒನ್ಸ್ ಮೋರ್ ಇತ್ತು. ಇವನಿಗಿದ್ದದ್ದು ತನ್ನ ನಾಲಿಗೆ, ಎದುರಿಗೆ ಕೂತ ಊರು, ಇಷ್ಟೇ. ಅಗಲಿದ ರಂಗಕಲಾವಿದರನ್ನು ನೆನೆಯುವ ನಮ್ಮ ಸಭೆಗಳಲ್ಲಿ ಇವನ ಪಾಲು ಯಾವಾಗಲೂ ಕಡಿಮೆ ಎಂಬುದು ನನ್ನ ಬಹುದಿನದ ಕೊರಗು.

ಗುಬ್ಬಿ ವೀರಣ್ಣನವರ ಹೆಸರೆತ್ತಿದರೆ 'ಕುರುಕ್ಷೇತ್ರ'ದಲ್ಲಿ ಆನೆ ಕುದುರೆಗಳು ರಂಗಕ್ಕೆ ಬಂದ ವೈಭವವೇ ಮೊದಲು ಮಾತಿಗೆ ಬರುತ್ತದೆ. ಆದರೆ ಅವರು ಜನರ ಮನಸ್ಸು ಗೆದ್ದದ್ದು ಹಾಸ್ಯನಟರಾಗಿ. ಅಷ್ಟು ದೊಡ್ಡ ಕಂಪನಿಯ ಮಾಲೀಕರು 'ಸದಾರಮೆ'ಯಲ್ಲಿ ತಮಗೆಂದು ಇಟ್ಟುಕೊಂಡದ್ದು ಕಳ್ಳನ ಪಾತ್ರ! ಮುಂದೆ ಅದೇ ಕಳ್ಳನನ್ನು ಮೊಮ್ಮಗಳು ಬಿ. ಜಯಶ್ರೀ ಆಡಿ ತೋರಿಸಿದರು. ಹಾಸ್ಯವೊಂದು ಹೀಗೆ ತಲೆಮಾರು ದಾಟಿ ಬರುವುದು ತೀರ ಅಪರೂಪ.

ಹಾಡಿನ ಕತೆ ಬೇರೆ. ಬಿ.ವಿ. ಕಾರಂತರು 2002ರಲ್ಲಿ ತೀರಿಕೊಂಡರೂ 'ಹಯವದನ', 'ಜೋಕುಮಾರಸ್ವಾಮಿ'ಗಳಿಗೆ ಅವರು ಕಟ್ಟಿದ ಮಟ್ಟುಗಳು ಇನ್ನೂ ಹುಡುಗ ಹುಡುಗಿಯರ ಬಾಯಲ್ಲಿವೆ. ಒಬ್ಬರಿಂದ ಒಬ್ಬರಿಗೆ ಕಲಿಸಿಕೊಡಬಹುದಾದದ್ದು ಹೇಗೋ ಉಳಿದುಕೊಳ್ಳುತ್ತದೆ. ಆದರೆ ಮಾಸ್ಟರ್ ಹಿರಣ್ಣಯ್ಯನವರು ಮೇ 2019ರಲ್ಲಿ ಹೊರಟುಹೋದಾಗ ಅವರ ಜೊತೆ ಹೋದದ್ದನ್ನು ಯಾರು, ಯಾರಿಗೆ ಕಲಿಸುವುದು?

1953ರಲ್ಲಿ ತಂದೆ ಕೆ. ಹಿರಣ್ಣಯ್ಯ ತೀರಿಕೊಂಡಾಗ ಮಗ ನರಸಿಂಹಮೂರ್ತಿಗೆ ಇಪ್ಪತ್ತು ತುಂಬಿರಲಿಲ್ಲ. ಆ ಹುಡುಗನೇ ಮುಂದೆ ಮಾಸ್ಟರ್ ಹಿರಣ್ಣಯ್ಯನಾಗಿ 'ಲಂಚಾವತಾರ', 'ನಡುಬೀದಿ ನಾರಾಯಣ', 'ಮಕ್ಮಲ್ ಟೋಪಿ'ಗಳನ್ನು ನಾಡಿನ ಉದ್ದಗಲಕ್ಕೂ ಆಡಿದ. ಪರದೆಯ ಮುಂದೆ ಸಮಯ ತುಂಬುತ್ತಿದ್ದ ಹಾಸ್ಯವನ್ನೇ ಅವರು ನಾಟಕದ ನಡುಮನೆಗೆ ತಂದು ಕೂರಿಸಿದರು. ಬೆಳಗಿನ ಪತ್ರಿಕೆಯ ಸುದ್ದಿ ರಾತ್ರಿಯ ಆಟಕ್ಕೆ ಸೇರುತ್ತಿತ್ತು. ಮುಂದಿನ ಸಾಲಿನಲ್ಲಿ ಮಂತ್ರಿ ಕೂತಿದ್ದರೆ ಮಾತು ಇನ್ನಷ್ಟು ಹರಿತವಾಗುತ್ತಿತ್ತೇ ಹೊರತು ಮೆತ್ತಗಾಗುತ್ತಿರಲಿಲ್ಲ. ಕಚೇರಿಯಲ್ಲಿ ಕೈಕಟ್ಟಿ ನಿಂತು ಸಾಕಾದವನು ಇಲ್ಲಿ ಎದೆ ತುಂಬ ನಗುತ್ತಿದ್ದ. ಆ ನಗುವಿಗೆ ಬೇಕಾದ ಧೈರ್ಯವನ್ನು ನಟ ತಾನು ಹೊತ್ತುಕೊಂಡಿದ್ದ. ಇದನ್ನು ಬರೀ ಮನರಂಜನೆ ಎಂದು ಬದಿಗಿಡುವ ವಿಮರ್ಶೆಯನ್ನು ನಾನು ಒಪ್ಪಲಾರೆ.

ಧ್ವನಿಮುದ್ರಣಗಳಿವೆ, ನಿಜ. ಅವುಗಳಲ್ಲಿ ಇರುವುದು ಯಾವುದೋ ಒಂದು ದಿನದ ಆಟ. ಮರುದಿನ ಬೇರೆ ಊರಿನಲ್ಲಿ, ಬೇರೆ ಸುದ್ದಿಯ ಮೇಲೆ ಕಟ್ಟಿದ ಮಾತು ಅದೇ ರಾತ್ರಿ ಗಾಳಿಗೆ ಹೋಯಿತು. ಕೈಲಾಸಂ ಈ ವಿಷಯದಲ್ಲಿ ಪುಣ್ಯವಂತರು. ಅವರು ಹೇಳುತ್ತಾ ಹೋದ ನಾಟಕಗಳನ್ನು ಬರೆದುಕೊಳ್ಳುವ ಸ್ನೇಹಿತರಿದ್ದರು. ಆ ಮಾತಿನ ಲಯ ಕಾಗದಕ್ಕೆ ಬಂದದ್ದರಿಂದಲೇ ಸಿ.ಆರ್. ಸಿಂಹ 'ಟಿಪಿಕಲ್ ಟಿ.ಪಿ. ಕೈಲಾಸಂ' ಆಗಿ ಒಬ್ಬರೇ ರಂಗದ ಮೇಲೆ ನಿಂತು ಆ ಮನುಷ್ಯನನ್ನು ನಮ್ಮೆದುರು ತರಲು ಸಾಧ್ಯವಾಯಿತು. 2014ರಲ್ಲಿ ಸಿಂಹ ಅವರೂ ಹೋದರು.

ಬನದ ಹುಣ್ಣಿಮೆಗೆ ಶುರುವಾಗುವ ಬಾದಾಮಿ ಬನಶಂಕರಿಯ ಜಾತ್ರೆಯಲ್ಲಿ ಇಂದಿಗೂ ನಾಟಕ ಕಂಪನಿಗಳು ಸಾಲಾಗಿ ಟೆಂಟು ಹಾಕುತ್ತವೆ. ದ್ವಂದ್ವಾರ್ಥದ ಮಾತು ಹೆಚ್ಚಾಯಿತು ಎಂಬ ದೂರು ನನಗೂ ಗೊತ್ತು, ಅದರಲ್ಲಿ ಸತ್ಯವೂ ಇದೆ. ಆದರೂ ಅಲ್ಲಿಯ ಹಾಸ್ಯನಟ ಊರಿನ ಜನದ ಮುಖ ನೋಡಿ ಮಾತು ಹುಟ್ಟಿಸುವ ಹಳೆಯ ವಿದ್ಯೆಯನ್ನು ಬಿಟ್ಟಿಲ್ಲ. ರಂಗಭೂಮಿಯ ಮೇಲೆ ಸಂಶೋಧನೆ ಮಾಡುವ ನಮ್ಮ ವಿದ್ಯಾರ್ಥಿಗಳು ಆ ಟೆಂಟುಗಳ ಹಿಂದಿನ ಸಾಲಿನಲ್ಲಿ ನೋಟ್‌ಬುಕ್ ಹಿಡಿದು ಕೂರಬೇಕು. ಯಾವ ಮಾತಿಗೆ ಯಾರು ನಕ್ಕರು, ಯಾವ ಮಾತು ಬಿದ್ದುಹೋಯಿತು, ಮರುದಿನ ನಟ ಅದನ್ನು ಹೇಗೆ ತಿದ್ದಿಕೊಂಡ, ಅಷ್ಟನ್ನೂ ಬರೆದುಕೊಳ್ಳಬೇಕು. ಆ ನಟರು ಇರುವಾಗಲೇ.