ಸ್ಕೋರ್‌ಬೋರ್ಡ್ ನೋಡಿ ಎದೆಗಾರಿಕೆ ಅಳೆಯೋ ಮಹಾನುಭಾವರಿಗೆ

ತುಂಬ ದಿನ ಆಯ್ತು ಈ ಕಡೆ ತಲೆ ಹಾಕಿ. ಕೋಪ ಬಂದಾಗ ಮಾತ್ರ ಬರೆಯೋದು ನನ್ನ ಹಳೇ ಚಾಳಿ. ಈಗ ಬಂದಿರೋದೂ ಅದಕ್ಕೇ.

ವಿಷಯ ಅಮೆರಿಕದ ಕಾಲೇಜ್ ಫುಟ್‌ಬಾಲ್. "ನಮಗ್ಯಾಕಪ್ಪಾ ಅದು" ಅಂತ ಮುಚ್ಚಿಬಿಡಬೇಡಿ, ಒಂದೈದು ನಿಮಿಷ ಕೊಡಿ. ನಾನಿರೋದು ಓಹಾಯೊದ ಕೊಲಂಬಸ್‌ನಲ್ಲಿ. ಎಂ.ಎಸ್. ಮಾಡೋಕೆ ಬಂದವನು ಇಲ್ಲೇ ಒಂದು ಕಂಪನಿಗೆ ಅಂಟಿಕೊಂಡೆ. ಈ ಊರಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್ ತನಕ ಶನಿವಾರ ಅಂದ್ರೆ ಜಾತ್ರೆ. ಓಹಾಯೊ ಸ್ಟೇಟ್‌ನ ಸ್ಟೇಡಿಯಂ ಒಂದು ಲಕ್ಷಕ್ಕೂ ಹೆಚ್ಚು ಜನರನ್ನ ಹಿಡಿಸುತ್ತೆ, ಅದೂ ತುಂಬಿರುತ್ತೆ. ಟಿಕೆಟ್ ಬೆಲೆ ನೋಡಿದ್ರೆ ನನ್ನಂಥವನಿಗೆ ಟಿವಿಯೇ ಗತಿ. ನಾಲ್ಕೈದು ಜನ ಕನ್ನಡದ ಹುಡುಗರು ಯಾರದಾದ್ರೂ ಮನೇಲಿ ಸೇರಿ, ಮಂಡಕ್ಕಿ ಕಲಸಿಕೊಂಡು ನೋಡೋದು ರೂಢಿ.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು: ಕ್ವಾರ್ಟರ್‌ಬ್ಯಾಕ್ ಅಂದ್ರೆ ಪ್ರತಿ ಸಲ ಚೆಂಡು ಕೈಗೆ ತಗೊಂಡು, ಎರಡೂವರೆ ಮೂರು ಸೆಕೆಂಡಲ್ಲಿ ಯಾರಿಗೆ ಎಸೀಬೇಕು ಅಂತ ತೀರ್ಮಾನ ಮಾಡೋನು. ಅಷ್ಟರಲ್ಲಿ ನೂರಿಪ್ಪತ್ತು ಕಿಲೋ ತೂಗೋ ನಾಲ್ಕು ಜನ ಅವನನ್ನ ಮಣ್ಣು ಮುಕ್ಕಿಸೋಕೆ ಓಡಿ ಬರ್ತಿರ್ತಾರೆ. ಆ ಜಾಗ ಒಂದೇ. ಎರಡನೆಯವನು ಎಷ್ಟೇ ಚೆನ್ನಾಗಿದ್ರೂ ಬೆಂಚಲ್ಲಿ ಕೂರಬೇಕು, ಧೋನಿ ಕಾಲದಲ್ಲಿ ಎರಡನೇ ಕೀಪರ್ ಕೂತ ಹಾಗೆ. ಅವನಿಗೆ ಅವಕಾಶ ಸಿಗೋದು ಎರಡೇ ಹೊತ್ತಲ್ಲಿ. ಒಂದು, ಮೊದಲನೆಯವನ ಕಾಲೋ ಕೈಯೋ ಮುರಿದಾಗ. ಇನ್ನೊಂದು, ಸ್ಕೋರು 51-3 ಆಗಿ ಜನ ಪಾರ್ಕಿಂಗ್ ಕಡೆ ಹೊರಟಾಗ. ಅಭ್ಯಾಸದಲ್ಲೂ ಹೆಚ್ಚಿನ ಸರದಿ ಮೊದಲನೆಯವನಿಗೇ. ಇಂಥ ಹುಡುಗನನ್ನ ನಾಲ್ಕು ಎಸೆತ ನೋಡಿ "ಇವನಿಗೆ ಕಂಪೋಶರ್ ಇದೆ", "ಇವನಿಗಿಲ್ಲ" ಅಂತ ತೀರ್ಪು ಕೊಡೋ ಜನರ ಮೇಲೆ ನನ್ನ ಜಗಳ.

2025ರ ಆಗಸ್ಟ್ 30. ಕೊಲಂಬಸ್‌ನಲ್ಲಿ ಟೆಕ್ಸಾಸ್ ವಿರುದ್ಧ ಓಹಾಯೊ ಸ್ಟೇಟ್. ಟೆಕ್ಸಾಸ್ ಆಗ ದೇಶಕ್ಕೆ ಒಂದನೇ ನಂಬರ್, ನಮ್ಮವರು ಮೂರನೇ ನಂಬರ್. ಮಜಾ ಏನಂದ್ರೆ ಎರಡೂ ಕಡೆ ಕ್ವಾರ್ಟರ್‌ಬ್ಯಾಕ್‌ಗಳು 2024ರಲ್ಲಿ ಬ್ಯಾಕಪ್ ಆಗಿದ್ದವರೇ. ಅಲ್ಲಿ 21 ವರ್ಷದ ಆರ್ಚ್ ಮ್ಯಾನಿಂಗ್, ಇಲ್ಲಿ 20 ವರ್ಷದ ಜೂಲಿಯನ್ ಸೇಯಿನ್. ಸೇಯಿನ್‌ಗೆ ಅದು ಮೊಟ್ಟಮೊದಲ ಸ್ಟಾರ್ಟ್. ನಮ್ಮವರು 14-7ಕ್ಕೆ ಗೆದ್ದರು.

ಪಂದ್ಯ ಮುಗಿದಿದ್ದೇ ತಡ, ಟಿವಿಯಲ್ಲಿ ಶುರುವಾಯ್ತು ನೋಡಿ ಪುರಾಣ. ಸೇಯಿನ್ ತಣ್ಣಗಿದ್ದ, ವಯಸ್ಸಿಗೆ ಮೀರಿದ ಸಮಾಧಾನ. ಆರ್ಚ್ ಹೆದರಿದ, ಜನರ ಗದ್ದಲಕ್ಕೆ ಕಂಗಾಲಾದ, ತಾತನ ಹೆಸರಿನ ಮೇಲೆ ಬದುಕಿದವನು. (ತಾತ ಆರ್ಚಿ ಮ್ಯಾನಿಂಗ್, ಚಿಕ್ಕಪ್ಪಂದಿರು ಪೇಟನ್ ಮತ್ತು ಈಲೈ. ನಮ್ಮಲ್ಲಿ ಸಿನಿಮಾ ಮನೆತನ ಇದ್ದ ಹಾಗೆ ಇಲ್ಲಿ ಇವರದು.) ನಮ್ಮ ಮಂಡಕ್ಕಿ ಸಭೆಯೂ ಅದನ್ನೇ ಹೇಳ್ತು. ಒಬ್ಬ ಅಂತೂ "ಮುಖ ನೋಡಿದ್ರೇ ಗೊತ್ತಾಗುತ್ತೆ ಗುರೂ" ಅಂದ.

ಮುಖ ನೋಡಿದ್ರೆ ಗೊತ್ತಾಗೋದಾದ್ರೆ ಲೆಕ್ಕ ಯಾಕೆ ಬೇಕು? ಲೆಕ್ಕ ಹೀಗಿದೆ. ಸೇಯಿನ್ 20 ಎಸೆತದಲ್ಲಿ 13 ಮುಟ್ಟಿಸಿ 126 ಗಜ, ಒಂದು ಟಚ್‌ಡೌನ್. ಆರ್ಚ್ 30ರಲ್ಲಿ 17, 170 ಗಜ, ಒಂದು ಟಚ್‌ಡೌನ್, ಒಂದು ಇಂಟರ್‌ಸೆಪ್ಶನ್. ಒಟ್ಟು ಗಜದಲ್ಲಿ ಟೆಕ್ಸಾಸ್ 336, ನಮ್ಮವರು 203. ಆರ್ಚ್ ಚೆನ್ನಾಗಿ ಆಡಿದ ಅಂತ ನಾನು ಹೇಳ್ತಿಲ್ಲ. ಆಡಲಿಲ್ಲ. ಸುಮಾರು ಎಸೆತ ಆಚೀಚೆ ಹೋದವು, ಕಾಲು ನೆಲಕ್ಕೂರದೆ ಎಸೆದ, ಕೈ ಓರೆಯಾಗ್ತಿತ್ತು. ಆದ್ರೆ ಸೇಯಿನ್‌ನ "ಸಮಾಧಾನ" ಎಲ್ಲಿಂದ ಬಂತು? ಕೋಚ್ ರಯನ್ ಡೇ ಅವನ ಕೈಯಲ್ಲಿ ಬರೀ 20 ಸಲ ಎಸೆಸಿದರು, ಉಳಿದಿದ್ದೆಲ್ಲ ಚೆಂಡು ಹಿಡ್ಕೊಂಡು ಓಡೋ ಆಟ. ಹುಡುಗನಿಗೆ ಕಷ್ಟದ ಪ್ರಶ್ನೆ ಕೇಳಲೇ ಇಲ್ಲ. ಆ ಕಡೆ ಆರ್ಚ್‌ಗೆ ಮ್ಯಾಟ್ ಪೆಟ್ರಿಷಿಯಾ ಎಂಬ ಹಳೇ ಹುಲಿ ಇಡೀ ಬೇಸಿಗೆ ಕೂತು ಪ್ರಶ್ನೆಪತ್ರಿಕೆ ತಯಾರು ಮಾಡಿದ್ದ: ಚೆಂಡು ಹೊರಡೋ ಮುಂಚೆ ಒಂದು ರೂಪ, ಹೊರಟ ಮೇಲೆ ಇನ್ನೊಂದು ರೂಪ. ಒಬ್ಬನಿಗೆ ಪಿಯುಸಿ ಪರೀಕ್ಷೆ, ಇನ್ನೊಬ್ಬನಿಗೆ ಗೇಟ್ ಪರೀಕ್ಷೆ. ಇಬ್ಬರ ಮಾರ್ಕ್ಸ್ ಕಾರ್ಡ್ ಪಕ್ಕಪಕ್ಕ ಇಟ್ಟು "ನೋಡಿ, ಇವನಿಗೆ ಧೈರ್ಯ ಜಾಸ್ತಿ" ಅನ್ನೋದು ಯಾವ ನ್ಯಾಯ ಸ್ವಾಮಿ?

ಅಸಲಿಗೆ ತಪ್ಪು ಶುರುವಾಗಿದ್ದು ಒಂದು ವರ್ಷ ಮುಂಚೆ. 2024ರ ಸೆಪ್ಟೆಂಬರ್ 14ರಂದು ಟೆಕ್ಸಾಸ್‌ನ ಮೊದಲ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂವರ್ಸ್‌ಗೆ ಪೆಟ್ಟಾಗಿ, ಯುಟಿಎಸ್‌ಎ ವಿರುದ್ಧ ಆರ್ಚ್ ಇಳಿದ. ಮೊದಲ ಎಸೆತವೇ ಟಚ್‌ಡೌನ್. ಆಮೇಲೆ 67 ಗಜ ಓಡಿ ಇನ್ನೊಂದು. ಪಂದ್ಯ 56-7. ಮುಂದಿನ ವಾರ ಲೂಸಿಯಾನ-ಮನ್ರೋ ವಿರುದ್ಧ 51-3, ಅದರಲ್ಲಿ ಎರಡು ಇಂಟರ್‌ಸೆಪ್ಶನ್ ಇದ್ದವು, ಯಾರೂ ನೆನಪಿಡಲಿಲ್ಲ. ಅದರ ಮುಂದಿನ ವಾರ ಮಿಸಿಸಿಪಿ ಸ್ಟೇಟ್, 35-13. ಅಷ್ಟಕ್ಕೇ ದೇಶವೆಲ್ಲ "ಬೆಂಚಲ್ಲಿ ಸಿಂಹ ಕೂತಿದೆ" ಅಂತ ಕುಣೀತು.

ಅದೇ ವರ್ಷ ಅಕ್ಟೋಬರ್ 19ರಂದು ಜಾರ್ಜಿಯಾ ಪಂದ್ಯದಲ್ಲಿ ಯೂವರ್ಸ್ ತಿಣುಕಾಡ್ತಿದ್ದಾಗ ಮೊದಲರ್ಧದಲ್ಲೇ ಅವನನ್ನ ಕೂರಿಸಿ ಆರ್ಚ್‌ನ ಇಳಿಸಿದರು. ಎದುರಿಗೆ ನಿಜವಾದ ಡಿಫೆನ್ಸ್. ಎರಡು ಸಲ ಚೆಂಡು ಸಿಕ್ತು, ಒಂದು ಪಾಯಿಂಟೂ ಬರಲಿಲ್ಲ, ಹೊಡೆತ ತಿಂದು ಚೆಂಡು ಕೈಜಾರಿತು. ದ್ವಿತೀಯಾರ್ಧಕ್ಕೆ ಯೂವರ್ಸ್ ವಾಪಸ್. ಟೆಕ್ಸಾಸ್ 30-15ಕ್ಕೆ ಸೋತಿತು. ಇಡೀ ವರ್ಷದಲ್ಲಿ ಆರ್ಚ್ ಬಗ್ಗೆ ನಿಜ ಹೇಳೋ ಮಾಹಿತಿ ಏನಾದ್ರೂ ಇದ್ದಿದ್ರೆ ಆ ಹತ್ತು ಹನ್ನೆರಡು ನಿಮಿಷ. ಅದು ಅವನು ಕೆಟ್ಟವನು ಅಂತ ಹೇಳ್ತಿರಲಿಲ್ಲ, ಅವನಿಗಿನ್ನೂ ಸಮಯ ಬೇಕು ಅಂತ ಹೇಳ್ತಿತ್ತು. ಅದನ್ನ ಬಿಟ್ಟು 56-7ನ್ನ ಹಿಡ್ಕೊಂಡು, ಅವನನ್ನ ಹೈಸ್ಮನ್ ಪ್ರಶಸ್ತಿಗೆ ಮೊದಲ ಹೆಸರು ಮಾಡಿದವರೇ, 14-7 ಆದ ರಾತ್ರಿ ಅವನನ್ನ ಮೋಸಗಾರನ ಥರ ನೋಡಿದರು. ಹುಡುಗ ಯಾವತ್ತೂ "ನಾನು ಹೈಸ್ಮನ್ ಗೆಲ್ತೀನಿ" ಅಂದಿರಲಿಲ್ಲ. ಸಾಲ ಮಾಡಿದವರು ಇವರು, ತೀರಿಸಬೇಕಾಗಿದ್ದು ಅವನು.

ಕೊಲಂಬಸ್‌ನಲ್ಲಿ ಹಳಬರನ್ನ ಮಾತಾಡಿಸಿದ್ರೆ ಕಾರ್ಡೇಲ್ ಜೋನ್ಸ್ ಹೆಸರು ಬಂದೇ ಬರುತ್ತೆ. 2014ರಲ್ಲಿ ಅವನು ಮೂರನೆಯವನು. ಆಗಸ್ಟ್‌ನಲ್ಲಿ ಬ್ರ್ಯಾಕ್ಸ್‌ಟನ್ ಮಿಲ್ಲರ್ ಭುಜ, ನವೆಂಬರ್ ಕೊನೇಲಿ ಜೆ.ಟಿ. ಬ್ಯಾರೆಟ್ ಕಾಲು. ಕಾರ್ಡೇಲ್ ಇಳಿದ: ವಿಸ್ಕಾನ್ಸಿನ್ ಮೇಲೆ 59-0, ಅಲಬಾಮಾ ಮೇಲೆ 42-35, 2015ರ ಜನವರಿ 12ರಂದು ಓರೆಗಾನ್ ಮೇಲೆ 42-20, ರಾಷ್ಟ್ರೀಯ ಕಿರೀಟ. ಮೂರು ಸ್ಟಾರ್ಟ್, ಮೂರು ಗೆಲುವು. ಕಲ್ಲೆದೆಯವನು ಅಂತ ಹೊಗಳಿದ್ದೇ ಹೊಗಳಿದ್ದು. 2015ರ ಸೀಸನ್ ಮಧ್ಯದಲ್ಲಿ ಅದೇ ಕಲ್ಲೆದೆಯವನಿಂದ ಜಾಗ ಕಿತ್ತು ಬ್ಯಾರೆಟ್‌ಗೆ ಕೊಟ್ಟರು. ಅಲ್ಲಿಯವರೆಗೂ ಅವನು ಸ್ಟಾರ್ಟ್ ಮಾಡಿದ ಒಂದು ಪಂದ್ಯವನ್ನೂ ಸೋತಿರಲಿಲ್ಲ! ಒಂಬತ್ತು ತಿಂಗಳಲ್ಲಿ ಎದೆ ಕರಗಿ ಹೋಯ್ತಾ? ಇಲ್ಲ. ಮೊದಲ ಮೂರು ಪಂದ್ಯಕ್ಕೆ ಅವನು ಹೇಗೆ ಆಡ್ತಾನೆ ಅಂತ ಎದುರಾಳಿಗಳ ಹತ್ತಿರ ಹೆಚ್ಚು ವಿಡಿಯೋ ಇರಲಿಲ್ಲ. ಆಮೇಲೆ ಇತ್ತು. ಅಷ್ಟೇ ಕಥೆ ಅಂತ ನನ್ನ ಲೆಕ್ಕ.

ಇದರಲ್ಲಿ ನನ್ನ ಸ್ವಂತ ಉರಿಯೂ ಸೇರಿದೆ, ಮುಚ್ಚಿಡಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ (ಕಂಪನಿ ಹೆಸರು ಬೇಡ) ಆನ್-ಕಾಲ್ ಡ್ಯೂಟಿ ಇದ್ದಾಗ ರಾತ್ರಿ ಎರಡಕ್ಕೆ ಸರ್ವರ್ ಮಲಗಿತು. ನನಗೆ ಏನೂ ತೋಚಲಿಲ್ಲ, ಕೈ ನಡುಗ್ತಿತ್ತು. ರೀಸ್ಟಾರ್ಟ್ ಮಾಡಿದೆ, ಎದ್ದು ಕೂತಿತು. ಮಾರನೇ ದಿನ ಮ್ಯಾನೇಜರ್ "ಎಷ್ಟು ಕೂಲ್ ಆಗಿ ನಿಭಾಯಿಸಿದೆ" ಅಂತ ಬೆನ್ನು ತಟ್ಟಿದರು. ನಾಲ್ಕು ತಿಂಗಳಾದ ಮೇಲೆ ಇನ್ನೊಂದು ರಾತ್ರಿ, ಈ ಸಲ ಲಾಗ್ ಓದಿ, ಒಂದೊಂದೇ ಸಾಧ್ಯತೆ ತೆಗೆದುಹಾಕಿ, ಡೇಟಾಬೇಸ್ ಕೆಡದ ಹಾಗೆ ನೋಡ್ಕೊಂಡು ಮೂರು ಗಂಟೇಲಿ ಸರಿಮಾಡಿದೆ. ವರ್ಷದ ಕೊನೇಲಿ ರಿವ್ಯೂನಲ್ಲಿ ಬರೆದಿದ್ರು: ಒತ್ತಡ ಬಂದ್ರೆ ನಿಧಾನವಾಗ್ತಾನೆ. ಹೆದರಿದ ರಾತ್ರಿಗೆ ಬಹುಮಾನ, ಹೆದರದ ರಾತ್ರಿಗೆ ಏಟು. ಆ ಸಾಲನ್ನ ನಾನಿನ್ನೂ ಮರೆತಿಲ್ಲ. ನನ್ನ ವಿಷಯದಲ್ಲಿ ಅದನ್ನ ಓದಿದವರು ಮೂರು ಜನ. ಆ ಹುಡುಗರ ವಿಷಯದಲ್ಲಿ ಲಕ್ಷಾಂತರ ಜನ.

"ಹಾಗಾದ್ರೆ ಬ್ಯಾಕಪ್ ಹುಡುಗನನ್ನ ಅಳೆಯಲೇಬಾರದಾ?" ಅಂತೀರಿ. ಅಳೀರಿ, ಧಾರಾಳವಾಗಿ. ಆದ್ರೆ ಚೆಂಡನ್ನ ನೋಡೋದು ಬಿಟ್ಟು ಹುಡುಗನನ್ನ ನೋಡಿ. ಚೆಂಡು ಕೈಗೆ ಬರೋ ಮುಂಚೆ ಏನು ಮಾಡ್ತಿದಾನೆ? ಡಿಫೆನ್ಸ್ ಜಾಗ ಬದಲಿಸಿದಾಗ ಮುಂದಿನ ಲೈನಿನವರಿಗೆ ಕೈ ತೋರಿಸಿ ಏನಾದ್ರೂ ಹೇಳ್ತಿದಾನಾ, ಅಥವಾ ಗಡಿಯಾರ ಓಡೋದನ್ನ ನೋಡ್ತಾ ನಿಂತಿದಾನಾ? ಮೊದಲನೇ ಆಟಗಾರ ಖಾಲಿ ಇಲ್ಲ ಅಂದಾಗ ಕಣ್ಣು ಎರಡನೆಯವನ ಕಡೆ ಹೋಗುತ್ತಾ, ಇಲ್ಲ ತನ್ನ ಮೇಲೆ ಬೀಳೋಕೆ ಬರೋರ ಕಡೆ ಹೋಗುತ್ತಾ? ಕಣ್ಣು ಕೆಳಗಿಳಿದ್ರೆ ಅಲ್ಲಿಗೆ ಮುಗೀತು, ಅದು ಹೆದರಿಕೆ. ಅದು ಟಿವಿಯಲ್ಲಿ ಕಾಣುತ್ತೆ, ನಿಧಾನಗತಿಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತೆ. ಆದ್ರೆ ನಾವೆಲ್ಲ ಅಷ್ಟು ಹೊತ್ತಿಗೆ ಚೆಂಡಿನ ಹಿಂದೆ ಹೋಗಿರ್ತೀವಿ.

ಇನ್ನೊಂದಿದೆ, ಇದು ನನಗೆ ಎಲ್ಲಕ್ಕಿಂತ ಮುಖ್ಯ: ತಪ್ಪಾದ ಮೇಲಿನ ಮರು ಆಟ. 2018ರ ಜನವರಿ 8ರಂದು ರಾಷ್ಟ್ರೀಯ ಫೈನಲ್ಲಿನಲ್ಲಿ ಅಲಬಾಮಾ ಅರ್ಧ ಆಟಕ್ಕೆ 13-0 ಹಿಂದಿತ್ತು. ಜೇಲೆನ್ ಹರ್ಟ್ಸ್‌ನ ಕೂರಿಸಿ ಮೊದಲ ವರ್ಷದ ಟುವಾ ಟಾಗೊವೈಲೋವಾನ ಇಳಿಸಿದರು. ಕೊನೆಗೆ ಓವರ್‌ಟೈಮ್‌ನಲ್ಲಿ ಟುವಾ ಚೆಂಡು ಎಸೆದು ಬಿಸಾಕೋದು ಬಿಟ್ಟು, ಹಿಂದೆ ಹಿಂದೆ ಓಡಿ 16 ಗಜ ಕಳ್ಕೊಂಡ. ಪಕ್ಕಾ ಹೊಸಬನ ತಪ್ಪು. ಮರು ಆಟದಲ್ಲೇ ಕಣ್ಣಲ್ಲಿ ಡಿಫೆನ್ಸನ್ನ ಒಂದು ಕಡೆ ಎಳೆದು ಇನ್ನೊಂದು ಕಡೆ 41 ಗಜದ ಟಚ್‌ಡೌನ್, 26-23. ಎಲ್ಲರೂ ಆ 41 ಗಜ ತೋರಿಸ್ತಾರೆ. ನನಗೆ ಬೇಕಾಗಿದ್ದು ಅವೆರಡು ಆಟದ ಮಧ್ಯದ ಮೂವತ್ತು ನಲವತ್ತು ಸೆಕೆಂಡು. ಬೆಂಚಿಗೆ ಹೋದ ಹರ್ಟ್ಸ್‌ಗೆ "ಮುಗೀತು" ಅಂದವರು ಅದೇ ವರ್ಷ ಡಿಸೆಂಬರ್ 1ರಂದು ಏನು ಕಂಡರು? ಟುವಾ ಕಾಲು ನೋವಿಗೆ ಹೊರಬಂದಾಗ ಅದೇ ಜಾರ್ಜಿಯಾ ಮೇಲೆ ಇಳಿದು 35-28ಕ್ಕೆ ಗೆಲ್ಲಿಸಿದವನು ಹರ್ಟ್ಸ್, ಈಗ ಬ್ಯಾಕಪ್ ಆಗಿ. 2025ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಎಂವಿಪಿಯೂ ಅವನೇ.

ಆರ್ಚ್ ಕಡೆ ಬಂದ್ರೆ, 2025ರ ಅಕ್ಟೋಬರ್‌ನಲ್ಲಿ ಫ್ಲಾರಿಡಾಗೆ ಸೋತು ಟೆಕ್ಸಾಸ್ ಇಪ್ಪತ್ತೈದರ ಪಟ್ಟಿಯಿಂದಲೇ ಬಿತ್ತು. ನವೆಂಬರ್ ಕೊನೇಲಿ, ಅಲ್ಲಿವರೆಗೂ ಸೋಲೇ ಕಾಣದಿದ್ದ ಟೆಕ್ಸಾಸ್ ಎ ಅಂಡ್ ಎಂ ತಂಡವನ್ನ 27-17ಕ್ಕೆ ಮಣಿಸಿತು, ಕೊನೆಯ ಏಟು ಆರ್ಚ್ ಓಡಿ ಕೊಟ್ಟಿದ್ದು. ಆಗಸ್ಟ್‌ನಲ್ಲಿ ಕಾಲೂರದೆ ಎಸೀತಿದ್ದ ಹುಡುಗ ಅಷ್ಟರಲ್ಲಿ ಪಾಕೆಟ್‌ನಲ್ಲಿ ನಿಂತು ಎಸೆಯೋದು ಕಲಿತಿದ್ದ. ಬೆಳವಣಿಗೆ ಅಂದ್ರೆ ಇದು, ಮೂರು ತಿಂಗಳು ಹಿಡೀತು. ಸೇಯಿನ್? ಹೈಸ್ಮನ್ ಅಂತಿಮ ಪಟ್ಟಿ ತನಕ ಹೋದ, ನಿಜಕ್ಕೂ ಚೆನ್ನಾಗಿ ಆಡಿದ. ಡಿಸೆಂಬರ್ 6ರಂದು ಇಂಡಿಯಾನಾ ಮೇಲೆ 13-10ಕ್ಕೆ ಸೋತಾಗ ಮಾತ್ರ ನಮ್ಮ ಸಭೆ ಉಲ್ಟಾ ಹೊಡೀತು: "ದೊಡ್ಡ ಪಂದ್ಯದಲ್ಲಿ ನಡುಗ್ತಾನೆ". ಆ ಪಂದ್ಯದ ಕೊನೇಲಿ ನಮ್ಮವರು 27 ಗಜದ ಫೀಲ್ಡ್ ಗೋಲ್ ತಪ್ಪಿಸಿಕೊಂಡ್ರು. ಅದು ಒಳಗೆ ಹೋಗಿದ್ರೆ ಸ್ಕೋರ್ ಸಮ. ಇನ್ನೊಬ್ಬನ ಕಾಲಿಂದ ಹೋದ ಚೆಂಡು ಕಂಬದ ಯಾವ ಪಕ್ಕ ಹೋಯ್ತು ಅನ್ನೋದರ ಮೇಲೆ ಸೇಯಿನ್‌ನ ಎದೆಗಾರಿಕೆ ತೀರ್ಮಾನ ಆಯ್ತು!

ಈಗ ಇದು ಬರೀ ಹರಟೆ ವಿಷಯವಾಗಿಯೂ ಉಳಿದಿಲ್ಲ. 2021ರಿಂದ ಆಟಗಾರರು ಒಂದು ವರ್ಷ ಹೊರಗೆ ಕೂರದೆ ಕಾಲೇಜು ಬದಲಾಯಿಸಬಹುದು, ತಮ್ಮ ಹೆಸರಿನ ಮೇಲೆ ದುಡ್ಡೂ ಮಾಡಬಹುದು. ಹುಡುಗರಿಗೆ ಹಕ್ಕು ಸಿಕ್ಕಿದ್ದು ಸರಿಯೇ. ಆದ್ರೆ ತಾಳ್ಮೆ ಕಳ್ಕೊಂಡ ಜನಕ್ಕೂ ಒಂದು ದಾರಿ ಸಿಕ್ತು: ಬೆಳೆಸೋದ್ಯಾಕೆ, ಹೊರಗಿಂದ ತಂದ್ರಾಯ್ತು.

ಕೈಲ್ ಮೆಕಾರ್ಡ್ ಇಲ್ಲಿ ಎರಡು ವರ್ಷ ಬೆಂಚಲ್ಲಿ ಕೂತು 2023ರಲ್ಲಿ ಸ್ಟಾರ್ಟರ್ ಆದವನು. ಹನ್ನೊಂದು ಪಂದ್ಯ ಗೆದ್ದ. ಹನ್ನೆರಡನೆಯದು ನವೆಂಬರ್ 25, ಮಿಶಿಗನ್‌ನಲ್ಲಿ. 30-24ರಿಂದ ಹಿಂದಿದ್ದು, ಕೊನೇ ನಿಮಿಷದಲ್ಲಿ ಎಸೆಯೋ ಹೊತ್ತಿಗೆ ಎದುರಾಳಿ ಮೈಮೇಲೇ ಬಂದಿದ್ದ, ಚೆಂಡು ಅವರ ಕೈಗೆ ಹೋಯ್ತು. ಒಂದು ಎಸೆತ. ಡಿಸೆಂಬರ್‌ಗೆ ಅವನು ಊರು ಬಿಟ್ಟ. 2024ರಲ್ಲಿ ಸಿರಕ್ಯೂಸ್‌ಗೆ ಆಡಿ 4,779 ಗಜ ಎಸೆದ, ಆ ವರ್ಷ ದೇಶದಲ್ಲೇ ಅತಿ ಹೆಚ್ಚು.

ಅವತ್ತು ಆ ಚೆಂಡು ಹೋದ ಮರುಕ್ಷಣ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಮೊದಲು ಬಂದ ಸಾಲು "ಇವನಿಗೆ ಗುಂಡಿಗೆ ಇಲ್ಲ ಕಣ್ರೋ, ಓಡಿಸಿ". ನಿನ್ನೆ ಹುಡುಕಿ ನೋಡಿದೆ, ಇನ್ನೂ ಅಲ್ಲೇ ಇದೆ. ಹಾಕಿದವನು ನಾನು.